ಸತ್ತ ಮಂಗದ ಸುದ್ದಿ: ಜಾಗ ಎಲ್ಲಿ, ಹೊತ್ತು ಯಾವುದು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಕಾಡಂಚಿನ ಊರು. ಮಂಗನ ಕಾಯಿಲೆಯ ಭಯವಿರುವುದರಿಂದ, ಮಂಗ ಸತ್ತದ್ದು ಕಂಡರೆ ತಿಳಿಸಲೆಂದು ಎಂಟು ಮಜರೆಗಳವರು ಸೇರಿ ವಾಟ್ಸಾಪ್ ಗುಂಪು ಮಾಡಿದ್ದೇವೆ. ಫೋಟೊಗಳು ಬೇಕಾದಷ್ಟು ಬರುತ್ತವೆ. ಆದರೆ ಕೀಟನಾಶಕ ಪುಡಿ ಹಾಕುವ ತಂಡ ಬಂದಾಗ ಜಾಗವೇ ಸಿಗುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಈ ರೋಗ ಪತ್ತೆಯಾದಾಗ, ಮಂಗ ಸತ್ತಲ್ಲೇ ಮನುಷ್ಯರಿಗೂ ಜ್ವರ ಬರುತ್ತದೆ ಎಂಬುದನ್ನು ಕಂಡು ‘ಮಂಗನ ಕಾಯಿಲೆ’ ಎಂದವರು ಊರ ಜನರೇ. ನಿಮ್ಮ ಗುಂಪು ಮಾಡುತ್ತಿರುವುದೂ ಅದೇ ಕೆಲಸ. ಜಾಗಕ್ಕೆ ಇಷ್ಟು ಬೆಲೆ ಏಕೆಂದರೆ, ಮಂಗ ಸತ್ತ ಮೇಲೆ ಅದರ ಮೈಮೇಲಿನ, ರೋಗ ಹರಡುವ ಉಣುಗುಗಳು ಇಳಿದು ಸುತ್ತಲಿನ ದರಗೆಲೆಯಲ್ಲಿ ಉಳಿಯುತ್ತವೆ. ಕೀಟನಾಶಕ ಪುಡಿ ಬೀಳಬೇಕಾದ್ದು ಅಲ್ಲಿಗೇ. ಬೇರೆಲ್ಲೋ ಹಾಕಿದರೆ ಪುಡಿಯೂ ದಂಡ, ಜನರಿಗೆ ಸುಳ್ಳು ಧೈರ್ಯ ಬೇರೆ.

ಸಾಮಾನ್ಯವಾಗಿ ಆಗುವ ತಪ್ಪು, ಮನೆಗೆ ಬಂದು ಲೊಕೇಶನ್ ಕಳಿಸುವುದು. ಆಗ ಹೋಗುವುದು ಮನೆಯ ಗುರುತು. ಲೈವ್ ಲೊಕೇಶನ್ ಕಳಿಸಿದರೆ ಹೆಚ್ಚೆಂದರೆ ಎಂಟು ಗಂಟೆ ನಡೆಯುತ್ತದೆ, ಅದೂ ನಿಮ್ಮ ಜೊತೆಗೇ ಓಡಾಡುತ್ತದೆ. ಫೋಟೊದೊಳಗೆ ಜಾಗದ ಮಾಹಿತಿ ಇರುತ್ತದೆಂದು ನಂಬಬೇಡಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಚಿತ್ರದ ಮೇಲೆಯೇ ಅಚ್ಚು ಹಾಕುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಚಿತ್ರವನ್ನು ಸಿಗ್ನಲ್ ಸಿಕ್ಕಲ್ಲಿ ಕಳಿಸಬಹುದು. ದಟ್ಟ ಮರಗಳ ಕೆಳಗೆ ಗುರುತು ಹತ್ತಾರು ಮೀಟರ್ ಆಚೀಚೆ ಹೋಗುತ್ತದೆ. ಒಂದೆರಡು ನಿಮಿಷ ನಿಂತು, ಅಂಕಿಗಳು ಓಡುವುದು ನಿಂತ ಮೇಲೆ ತೆಗೆಯಿರಿ. ಕೈಯಲ್ಲಿ ಬರೆದುಕೊಳ್ಳುವುದಾದರೆ ದಶಮಾಂಶದ ನಂತರ ಐದು ಅಂಕಿ ಇರಲಿ. ಎರಡೇ ಬರೆದರೆ ಸುಮಾರು ಒಂದು ಕಿಲೋಮೀಟರಿನಷ್ಟು ಅನುಮಾನ ಉಳಿಯುತ್ತದೆ. ರಸ್ತೆ ಬಿಟ್ಟು ಕಾಡಿಗೆ ಇಳಿಯುವ ಕಡೆ ಮರಕ್ಕೊಂದು ಬಣ್ಣದ ಬಟ್ಟೆ ಕಟ್ಟಿದರೆ ತಂಡಕ್ಕೆ ದೊಡ್ಡ ಉಪಕಾರ.

ಸಂದೇಶದಲ್ಲಿ ಇಷ್ಟು ಬರಲಿ: ಕಂಡ ದಿನ ಮತ್ತು ಗಂಟೆ, ಕಪ್ಪು ಮುಖದ ಮುಸಿಯವೋ ಕೆಂಪು ಮಂಗವೋ, ಎಷ್ಟು, ದೇಹ ಹಸಿಯಿದೆಯೋ ಉಬ್ಬಿದೆಯೋ ಮೂಳೆ ಮಾತ್ರವೋ. ಕೊಳೆತ ದೇಹದಿಂದ ಪರೀಕ್ಷೆಗೆ ಒಳ್ಳೆಯ ಮಾದರಿ ಸಿಗುವುದು ಕಷ್ಟ, ಹಾಗಾಗಿ ಹಸಿ ದೇಹವಿದ್ದರೆ ಗುಂಪಿಗೆ ಹಾಕಿ ಸುಮ್ಮನಿರದೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ಫೋನ್ ಮಾಡಿ; ಅರಣ್ಯ ಸಿಬ್ಬಂದಿಗೂ ತಿಳಿಸಿ. ಕರೆಂಟ್ ತಂತಿ ತಗುಲಿಯೋ ವಾಹನ ಬಡಿದೋ ಸತ್ತಂತೆ ಕಂಡರೂ ತಿಳಿಸಿ, ಅನುಮಾನದ ಕಾರಣವನ್ನು ಪಕ್ಕದಲ್ಲಿ ಬರೆಯಿರಿ.

ಒಂದೇ ಮಂಗದ ಸುದ್ದಿ ಮೂವರಿಂದ ಬಂದು ಮೂರು ಸಾವೆಂದು ಲೆಕ್ಕವಾಗುವುದುಂಟು. ಇಬ್ಬರು ಜವಾಬ್ದಾರಿ ಹೊತ್ತು ಪ್ರತಿ ಸಾವಿಗೂ ಒಂದು ಸಂಖ್ಯೆ ಕೊಡಲಿ. ರೋಗ ಹೆಚ್ಚು ಕಾಣುವ ನವೆಂಬರಿನಿಂದ ಮೇವರೆಗೆ ಪ್ರತಿ ಮಜರೆಯಿಂದ ವಾರಕ್ಕೊಮ್ಮೆ ‘ಏನೂ ಕಂಡಿಲ್ಲ’ ಎಂಬ ಸುದ್ದಿಯೂ ಬರಬೇಕು. ಸುದ್ದಿಯೇ ಬಾರದಿದ್ದರೆ, ಮಂಗ ಸತ್ತಿಲ್ಲವೋ ಯಾರೂ ಕಾಡಿಗೆ ಹೋಗಿಲ್ಲವೋ ತಿಳಿಯುವುದು ಹೇಗೆ?

ದೇಹವನ್ನು ಮುಟ್ಟಬೇಡಿ, ಎಳೆಯಬೇಡಿ, ನೀವಾಗಿ ಸುಡಬೇಡಿ. ದೂರದಿಂದಲೇ ಝೂಮ್ ಮಾಡಿ ಚಿತ್ರ ತೆಗೆಯಿರಿ, ಅಲ್ಲಿ ಕುಳಿತುಕೊಳ್ಳಬೇಡಿ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಿ. ಬಂದ ಮೇಲೆ ಬಟ್ಟೆ ಬದಲಿಸಿ, ಬಿಸಿನೀರು ಸೋಪಿನಲ್ಲಿ ಮಿಂದು, ಕಂಕುಳು ತೊಡೆಸಂದಿಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಜ್ವರ ಬಂದವರ ಹೆಸರನ್ನೂ ಇದೇ ಗುಂಪಿನಲ್ಲಿ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಹೆಸರು ಹರಡುತ್ತದೆಂಬ ಭಯ ಹುಟ್ಟಿದರೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದ್ದರಿಂದ ನೆರೆಯವರಿಗೆ ಆ ಹೆಸರಿನಿಂದ ಏನೂ ಪ್ರಯೋಜನವಿಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ತೀವ್ರ ಮೈಕೈ ನೋವು ಬಂದರೆ ಆಶಾಗೆ ನೇರವಾಗಿ ತಿಳಿಸಿ. ವೈದ್ಯರ ಹತ್ತಿರ, ಕೇಳದಿದ್ದರೂ, ಕಾಡಿಗೆ ಹೋಗಿದ್ದ ದಿನವನ್ನು ಹೇಳಿ.