ಮಮ್ಮೂಕ್ಕನೋ, ಲಾಲೇಟ್ಟನೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಲಯಾಳದ ಇಬ್ಬರು ದೊಡ್ಡ ನಟರಲ್ಲಿ ನಮ್ಮ ಭಾವ ಮೋಹನ್‌ಲಾಲ್ (ಲಾಲೇಟ್ಟ) ಪಕ್ಷ, ನಾನು ಮಮ್ಮೂಟ್ಟಿ (ಮಮ್ಮೂಕ್ಕ) ಪಕ್ಷ. ವಿಷುವಿಗೆ ಎಲ್ಲರೂ ಸೇರಿದರೆ ಊಟದೆಲೆಯ ಮುಂದೆಯೇ ಚರ್ಚೆ ಸುರು. ತಮ್ಮವರಿಗೆ ಐದು ರಾಷ್ಟ್ರಪ್ರಶಸ್ತಿ ಅಂತ ಭಾವ, ನಮ್ಮವರಿಗೂ ಐದು ಅಂತ ನಾನು. ಸರಿ ಲೆಕ್ಕ ಯಾವುದು?
– ಬದಿಯಡ್ಕದ ಓದುಗರು

ಉತ್ತರ: ನಿಮ್ಮಿಬ್ಬರ ಐದೂ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಆದರೆ ನೀವು ಎಣಿಸಿದ್ದು ಸಿನಿಮಾ, ಭಾವ ಎಣಿಸಿದ್ದು ಪ್ರಶಸ್ತಿಪತ್ರ.

ಮಮ್ಮೂಟ್ಟಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಮೂರು ಸಲ. 1989ರದ್ದು ‘ಮದಿಲುಗಳ್’ ಮತ್ತು ‘ಒರು ವಡಕ್ಕನ್ ವೀರಗಾಥ’ ಎರಡಕ್ಕೂ ಸೇರಿ ಒಂದು. 1993ರದ್ದು ‘ವಿಧೇಯನ್’ ಮತ್ತು ‘ಪೊಂದನ್ ಮಾಡ’ಕ್ಕೆ ಸೇರಿ ಒಂದು. 1998ರದ್ದು ಜಬ್ಬಾರ್ ಪಟೇಲ್ ನಿರ್ದೇಶನದ ಅಂಬೇಡ್ಕರ್ ಚಿತ್ರಕ್ಕೆ, ಅದೂ ಅಜಯ್ ದೇವಗನ್ ಜೊತೆ ಹಂಚಿಕೊಂಡದ್ದು. ಚಿತ್ರ ಐದು, ಪ್ರಶಸ್ತಿ ಮೂರು.

ಮೋಹನ್‌ಲಾಲ್ ಅವರಿಗೆ ಶ್ರೇಷ್ಠ ನಟ ಎರಡು ಸಲ: 1991ರ ‘ಭರತಂ’, 1999ರ ‘ವಾನಪ್ರಸ್ಥಂ’. ಭಾವ ಅದಕ್ಕೆ ‘ಕಿರೀಡಂ’ಗೆ ಬಂದ ವಿಶೇಷ ಉಲ್ಲೇಖ, 2016ರ ಸಾಲಿನ ತೀರ್ಪುಗಾರರ ವಿಶೇಷ ಪ್ರಶಸ್ತಿ, ‘ವಾನಪ್ರಸ್ಥಂ’ ಶ್ರೇಷ್ಠ ಚಿತ್ರವಾದಾಗ ನಿರ್ಮಾಪಕರಾಗಿ ಸಿಕ್ಕ ಪಾಲು, ಈ ಮೂರನ್ನೂ ಸೇರಿಸಿದ್ದಾರೆ. ತಪ್ಪೇನಲ್ಲ, ಆದರೆ ಶ್ರೇಷ್ಠ ನಟ ಎಂಬ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಲೆಕ್ಕ ಮೂರು–ಎರಡು. ಇನ್ನು 2023ರ ಸಾಲಿನ ದಾದಾಸಾಹೇಬ್ ಫಾಲ್ಕೆ ಮೋಹನ್‌ಲಾಲ್ ಅವರಿಗೆ ಬಂದಿದೆ. ಅದು ಇಡೀ ವೃತ್ತಿಗೆ ಕೊಡುವುದು, ಈ ಎಣಿಕೆಯಲ್ಲಿ ಬೆರೆಸಬೇಡಿ.

ಎಡವುವ ಜಾಗ ಇನ್ನೊಂದಿದೆ. ರಾಷ್ಟ್ರಪ್ರಶಸ್ತಿಯ ವರ್ಷ ನಿರ್ಧಾರವಾಗುವುದು ಸೆನ್ಸಾರ್ ಪತ್ರದ ತಾರೀಕಿನಿಂದ, ಬಿಡುಗಡೆಯ ದಿನದಿಂದಲ್ಲ. ಅಂಬೇಡ್ಕರ್ ಚಿತ್ರ ಥಿಯೇಟರಿಗೆ ಬಂದದ್ದು 2000ದಲ್ಲಿ, ಪ್ರಶಸ್ತಿ 1998ರ ಸಾಲಿನದ್ದು. ಇದನ್ನು ಗಮನಿಸದವರು ಒಂದೇ ಪ್ರಶಸ್ತಿಯನ್ನು ಎರಡು ವರ್ಷಕ್ಕೆ ಬರೆದು ನಾಲ್ಕು ಮಾಡಿಬಿಡುತ್ತಾರೆ.

ಪ್ರಶ್ನೆ: ಪ್ರಶಸ್ತಿ ಬದಿಗಿರಲಿ. ಇಬ್ಬರ ನಟನೆಯನ್ನು ನ್ಯಾಯವಾಗಿ ಹೋಲಿಸಲು ಯಾವ ಸಿನಿಮಾ ನೋಡಬೇಕು?
– ಮುಳ್ಳೇರಿಯದ ಓದುಗರು

ಉತ್ತರ: ಒಬ್ಬರ ಒಳ್ಳೆಯ ಚಿತ್ರವನ್ನೂ ಇನ್ನೊಬ್ಬರ ಸಾಧಾರಣ ಚಿತ್ರವನ್ನೂ ಎದುರುಬದುರು ಇಟ್ಟರೆ ಹೋಲಿಕೆ ಅಲ್ಲೇ ಕೆಟ್ಟಿತು. ಬರೆದವರು ಒಬ್ಬರೇ ಆಗಿರುವ ಜೋಡಿಗಳನ್ನು ಆರಿಸಿ. ಆಗ ಉಳಿಯುವ ವ್ಯತ್ಯಾಸ ಬಹುಪಾಲು ನಟನದ್ದೇ.

ಮೊದಲನೆಯ ಜೋಡಿ ಡೆನ್ನಿಸ್ ಜೋಸೆಫ್ ಬರೆದ ‘ರಾಜಾವಿಂಡೆ ಮಗನ್’ (1986) ಮತ್ತು ‘ನ್ಯೂ ಡೆಲ್ಹಿ’ (1987). ಮಮ್ಮೂಟ್ಟಿ ಒಪ್ಪದ ಪಾತ್ರ ಮೋಹನ್‌ಲಾಲ್ ಕೈಗೆ ಹೋಗಿ ವಿನ್ಸೆಂಟ್ ಗೋಮಸ್ ಆಯಿತು, ಅವರು ತಾರೆಯಾದರು. ಆ ಹೊತ್ತಿಗೆ ಮಮ್ಮೂಟ್ಟಿಯ ಚಿತ್ರಗಳು ಒಂದರ ಹಿಂದೊಂದು ಮಗುಚುತ್ತಿದ್ದವು. 1986ರ ಒಂದೇ ವರ್ಷ ಇಬ್ಬರದ್ದೂ ತಲಾ 30ಕ್ಕೂ ಹೆಚ್ಚು ಚಿತ್ರ ಬಂದಿವೆ, ಹಾಗಾದರೆ ಜನಕ್ಕೆ ಸಾಕಾಗದೆ ಇರುತ್ತದೆಯೇ? ಮಮ್ಮೂಟ್ಟಿಯನ್ನು ಮೇಲೆತ್ತಿದ್ದು ಅದೇ ಲೇಖಕರ ‘ನ್ಯೂ ಡೆಲ್ಹಿ’. ಕೈಕಾಲು ಮುರಿಸಿಕೊಂಡ ಪತ್ರಕರ್ತನ ಪಾತ್ರ, ಹೊಡೆದಾಟಕ್ಕೆ ಅವಕಾಶವೇ ಇಲ್ಲ.

ಎರಡನೆಯ ಜೋಡಿಯೇ ನಿಜವಾದ ಪರೀಕ್ಷೆ: ಲೋಹಿತದಾಸ್ ಬರೆದು ಸಿಬಿ ಮಲಯಿಲ್ ನಿರ್ದೇಶಿಸಿದ ‘ತನಿಯಾವರ್ತನಂ’ (1987, ಮಮ್ಮೂಟ್ಟಿ) ಮತ್ತು ‘ಕಿರೀಡಂ’ (1989, ಮೋಹನ್‌ಲಾಲ್). ಎರಡರಲ್ಲೂ ತಾಯಿ ಕವಿಯೂರ್ ಪೊನ್ನಮ್ಮ. ಎರಡರಲ್ಲೂ ಕಥೆಯ ಎಲುಬು ಒಂದೇ: ಸಾಧು ಮನುಷ್ಯನಿಗೆ ಊರು ಒಂದು ಹೆಸರಿಡುತ್ತದೆ, ಅವನು ಅದೇ ಆಗಿಬಿಡುತ್ತಾನೆ. ಅಲ್ಲಿ ‘ಹುಚ್ಚ’, ಇಲ್ಲಿ ‘ರೌಡಿ’.

ನೋಡುವ ಕ್ರಮ ಹೀಗಿರಲಿ. ಎರಡನ್ನೂ ಒಮ್ಮೆ ಪೂರ್ತಿ ನೋಡಿ. ಮಾರನೆಯ ದಿನ ‘ತನಿಯಾವರ್ತನಂ’ನ ಕೊನೆಯ ಅರ್ಧ ಗಂಟೆಯನ್ನು ಪರದೆಗೆ ಬೆನ್ನು ಹಾಕಿ ಕೂತು ಕೇಳಿ. ಬಾಲನ್ ಮಾಷ್ (ಮಮ್ಮೂಟ್ಟಿಯ ಮೇಷ್ಟ್ರ ಪಾತ್ರ) ‘ನನಗೇನೂ ಆಗಿಲ್ಲ’ ಎಂದು ವಿವರಿಸಿದಷ್ಟೂ ಆ ವಿವರಣೆಯೇ ಹುಚ್ಚಿನ ಹಾಗೆ ಕೇಳತೊಡಗುತ್ತದೆ. ಮಾತು ಮಾಮೂಲಿನದ್ದೇ, ಆದರೆ ಉಸಿರು ತಪ್ಪುವ ಜಾಗ ಬದಲಾಗುತ್ತಾ ಹೋಗುತ್ತದೆ. ಆಮೇಲೆ ‘ಕಿರೀಡಂ’ನ ಕೊನೆಯ ಬೀದಿಜಗಳವನ್ನು ಟಿವಿಯ ಶಬ್ದ ಪೂರಾ ಬಂದ್ ಮಾಡಿ ನೋಡಿ. ಕೈಯಲ್ಲಿ ಕತ್ತಿ, ಎದುರಿಗೆ ಕಾನ್‌ಸ್ಟೇಬಲ್ ಅಪ್ಪ (ತಿಲಗನ್), ಕತ್ತಿ ಕೆಳಗೆ ಹಾಕೆಂದು ಬೇಡುತ್ತಿದ್ದಾರೆ. ಮೋಹನ್‌ಲಾಲ್ ಕತ್ತಿಯನ್ನು ಕೂಡಲೇ ಬಿಡುವುದಿಲ್ಲ. ಮೈಯೆಲ್ಲ ಕುಸಿದ ಮೇಲೆ, ಎಲ್ಲಕ್ಕಿಂತ ಕೊನೆಗೆ ಕೈ ಸಡಿಲುತ್ತದೆ. ಮಾತು ಕೇಳದಿದ್ದರೂ ಏನಾಯಿತೆಂದು ಪೂರ್ತಿ ಗೊತ್ತಾಗುತ್ತದೆ.

ಮಮ್ಮೂಟ್ಟಿಯ ಬಂಡವಾಳ ಧ್ವನಿ, ಮೋಹನ್‌ಲಾಲರದ್ದು ಮೈ. ಇದು ನಮ್ಮ ಅಭಿಪ್ರಾಯ, ಇದಕ್ಕೆ ಒಗ್ಗದ ಚಿತ್ರಗಳೂ ಇವೆ. ಆದರೆ ಕಥಕ್ಕಳಿ ಕಲಾವಿದನ ‘ವಾನಪ್ರಸ್ಥಂ’, 2001ರಲ್ಲಿ ಕಾವಾಲಂ ನಾರಾಯಣ ಪಣಿಕ್ಕರ್ ಆಡಿಸಿದ ಸಂಸ್ಕೃತ ನಾಟಕ ‘ಕರ್ಣಭಾರಂ’, ಇವೆಲ್ಲ ಯಾರನ್ನು ಹುಡುಕಿ ಬಂದವು ಎಂಬುದನ್ನು ನೋಡಿ.

ಒಂದು ಎಚ್ಚರಿಕೆ: ಹಿಂದಿಗೆ ಡಬ್ ಆದದ್ದನ್ನು ನೋಡಿ ತೀರ್ಪು ಕೊಡಬೇಡಿ. ಬೇರೆಯವರ ಧ್ವನಿ ಬಂದರೆ ಮಮ್ಮೂಟ್ಟಿಯಲ್ಲಿ ಅರ್ಧ ಹೋಯಿತು.

ಪ್ರಶ್ನೆ: ಮಮ್ಮೂಟ್ಟಿ ಮೋಹನ್‌ಲಾಲ್‌ಗೆ ಅಪ್ಪನಾಗಿ ನಟಿಸಿದ್ದು ಹೌದಾ?
– ಪೆರ್ಲದ ಓದುಗರು

ಉತ್ತರ: ಹೌದು, 1982ರ ‘ಪಡಯೋಟ್ಟಂ’ನಲ್ಲಿ. ಇಬ್ಬರಿಗೂ ವಯಸ್ಸಿನ ಅಂತರ ಒಂಬತ್ತು ವರ್ಷಕ್ಕೂ ಕಡಿಮೆ (7 ಸೆಪ್ಟೆಂಬರ್ 1951, 21 ಮೇ 1960). ಆಗಿನ್ನೂ ಇಬ್ಬರೂ ನಾಯಕರಾಗಿ ಗಟ್ಟಿಯಾಗಿರಲಿಲ್ಲ.

ಪ್ರಶ್ನೆ: ‘ಪುತ್ತನ್ ಪಣಂ’ನಲ್ಲಿ ಮಮ್ಮೂಟ್ಟಿ ನಮ್ಮ ಕಾಸರಗೋಡಿನ ಮಲಯಾಳ ಮಾತಾಡುತ್ತಾರೆ. ಮೋಹನ್‌ಲಾಲ್ ಇಂಥ ಪ್ರಯೋಗ ಯಾಕೆ ಮಾಡುವುದಿಲ್ಲ?
– ಮಂಜೇಶ್ವರದ ಓದುಗರು

ಉತ್ತರ: ರಂಜಿತ್ ನಿರ್ದೇಶನದ ಆ ಚಿತ್ರ 2017ರದ್ದು, ಪಾತ್ರದ ಹೆಸರು ನಿತ್ಯಾನಂದ ಶೆಣೈ. ಕನ್ನಡ, ತುಳು, ಕೊಂಕಣಿಯ ನಡುವೆ ಮಲಯಾಳ ಕಲಿತ ನಿಮ್ಮ ಕಿವಿಗೆ ಅದನ್ನು ತೂಗುವುದು ತಿರುವನಂತಪುರದ ವಿಮರ್ಶಕರಿಗಿಂತ ಸುಲಭ. ನಮ್ಮ ಕಡೆಯ ಮಲಯಾಳದಲ್ಲಿ ಪದದ ಮೊದಲ ‘ವ’ ಕನ್ನಡದ ಹಾಗೆ ‘ಬ’ ಆಗುತ್ತದೆ: ‘ವಾ’ ಅಲ್ಲ ‘ಬಾ’, ‘ವನ್ನು’ ಅಲ್ಲ ‘ಬನ್ನು’. ‘ಅವನ್’ ಹೋಗಿ ‘ಓನ್’ ಆಗುತ್ತದೆ. ನಟ ಕಲಿತು ಆಡುವಾಗ ಎಡವುವುದು ಕೋಪದ ದೃಶ್ಯದಲ್ಲಿ. ಜೋರಾಗಿ ಬೈಯುವಾಗ ತಾನು ಹುಟ್ಟಿದ ಊರಿನ ಉಚ್ಚಾರ ನುಗ್ಗಿ ಬರುತ್ತದೆ. ಅಂಥ ದೃಶ್ಯಗಳಲ್ಲಿ ‘ಬ’ ಉಳಿದಿದೆಯೇ ಎಂದು ಕೇಳಿ, ಅಂಕ ಕೊಡಿ.

ಇದಕ್ಕಿಂತ ಹತ್ತಿರದ್ದು ‘ವಿಧೇಯನ್’. ಸಕ್ಕರಿಯ ಅವರ ಕಿರುಕಾದಂಬರಿ, ಅಡೂರ್ ಗೋಪಾಲಕೃಷ್ಣನ್ ನಿರ್ದೇಶನ, ಕಥೆ ನಡೆಯುವುದು ದಕ್ಷಿಣ ಕನ್ನಡದಲ್ಲಿ. ಮಮ್ಮೂಟ್ಟಿಯ ಭಾಸ್ಕರ ಪಟ್ಟೇಲರ್ ಆಡುವುದು ಕನ್ನಡ ಬೆರೆತ ಮಲಯಾಳ. ಸುರುವಿನಲ್ಲೇ ವಲಸೆ ಬಂದ ತೊಮ್ಮಿಯನ್ನು ಹತ್ತಿರ ಕರೆದು, ಒದ್ದು, ಮುಖಕ್ಕೆ ಉಗಿಯುವ ದೃಶ್ಯವಿದೆ. ಆ ಕರೆಯುವ ದನಿಯಲ್ಲಿ ಸಿಟ್ಟೇ ಇಲ್ಲ, ಕೆಲಸದಾಳನ್ನು ಮಾಮೂಲಾಗಿ ಕರೆದಂತಿದೆ. ಭಯ ಹುಟ್ಟುವುದು ಅಲ್ಲಿಂದಲೇ.

ಮೋಹನ್‌ಲಾಲ್ ಮಾಡಿಲ್ಲವೆಂದಲ್ಲ. 1987ರ ‘ತೂವಾನತ್ತುಂಬಿಗಳ್’ನಲ್ಲಿ ತ್ರಿಶ್ಶೂರಿನವನಾಗಿದ್ದಾರೆ. ಆ ತ್ರಿಶ್ಶೂರು ಭಾಷೆ ಕೃತಕ ಎಂಬ ದೂರು ಈಗಲೂ ಇದೆ. ಅದರ ಪಕ್ಕ ಮಮ್ಮೂಟ್ಟಿಯ 2010ರ ‘ಪ್ರಾಂಜಿಯೇಟ್ಟನ್’ ಇಟ್ಟು ಕೇಳಿ, ಊರು ಅದೇ. ಭಾಷೆಯಲ್ಲಿ ಮಮ್ಮೂಟ್ಟಿ ಸಲೀಸಾಗಿ ಗೆಲ್ಲುತ್ತಾರೆ. ಆದರೆ ಮಳೆಯಲ್ಲಿ ಕ್ಲಾರಾಳಿಗಾಗಿ ಕಾಯುವ ಜಯಕೃಷ್ಣನನ್ನು ನೋಡುವಾಗ ಭಾಷೆಯ ಕೊರತೆ ಯಾರಿಗೆ ನೆನಪಾಗುತ್ತದೆ?

ಪ್ರಶ್ನೆ: ಇವರ ಪಾತ್ರಗಳನ್ನು ಕನ್ನಡದಲ್ಲಿ ಯಾರು ಮಾಡಿದ್ದಾರೆ? ಅವರೇ ಕನ್ನಡದಲ್ಲಿ ನಟಿಸಿದ್ದಾರಾ?
– ಉಪ್ಪಳದ ಓದುಗರು

ಉತ್ತರ: ಇಬ್ಬರ ಪಾತ್ರವನ್ನೂ ಮಾಡಿದವರು ವಿಷ್ಣುವರ್ಧನ್. ಮೋಹನ್‌ಲಾಲರ ‘ಮಣಿಚ್ಚಿತ್ರತ್ತಾಳ್’ (1993) ‘ಆಪ್ತಮಿತ್ರ’ (2004) ಆಯಿತು. ಮಮ್ಮೂಟ್ಟಿಯ ‘ಹಿಟ್ಲರ್’ ‘ವರ್ಷ’ವಾಯಿತು, ‘ರಾಜಮಾಣಿಕ್ಯಂ’ ‘ಬಳ್ಳಾರಿ ನಾಗ’ವಾಯಿತು. ಕೊನೆಯದರಲ್ಲಿ ಮೂಲದ ಮಜಾ ಕನ್ನಡಕ್ಕೆ ಬರುವ ಹಾಗೇ ಇರಲಿಲ್ಲ. ಮಲಯಾಳಿಗೆ ಬಳ್ಳಾರಿ ದೂರದೂರು, ಅಲ್ಲಿಂದ ಬಂದವನು ತಿರುವನಂತಪುರದ ಗ್ರಾಮ್ಯ ಮಾತಾಡುವುದೇ ತಮಾಷೆ. ನಮಗೆ ಬಳ್ಳಾರಿ ನಮ್ಮದೇ. ‘ಕಿರೀಡಂ’ ಶಿವರಾಜ್‌ಕುಮಾರ್ ಅವರ ‘ಮೋಡದ ಮರೆಯಲ್ಲಿ’ ಆಯಿತು, ‘ನ್ಯೂ ಡೆಲ್ಹಿ’ ಕನ್ನಡದಲ್ಲಿ ಅಂಬರೀಷ್ ಪಾಲಿಗೆ, ‘ದೃಶ್ಯಂ’ ರವಿಚಂದ್ರನ್ ಪಾಲಿಗೆ ಬಂತು.

‘ಮಣಿಚ್ಚಿತ್ರತ್ತಾಳ್’ ನೋಡುವಾಗ ಮೋಹನ್‌ಲಾಲ್ ಎಷ್ಟು ಹೊತ್ತಿಗೆ ಬರುತ್ತಾರೆಂದು ಗಡಿಯಾರ ನೋಡಿ. ಚಿತ್ರ ಅರ್ಧದ ಹತ್ತಿರ ಬಂದಿರುತ್ತದೆ. ರಾಷ್ಟ್ರಪ್ರಶಸ್ತಿ ಹೋದದ್ದು ಶೋಭನಾಗೆ. ಮೋಹನ್‌ಲಾಲರಷ್ಟು ದೊಡ್ಡ ತಾರೆ ಅದಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ.

ಕನ್ನಡದಲ್ಲಿ ಮೋಹನ್‌ಲಾಲ್ ‘ಲವ್’ (2004) ಮತ್ತು ಪುನೀತ್ ಜೊತೆ ‘ಮೈತ್ರಿ’ (2015) ಮಾಡಿದ್ದಾರೆ, ಮಮ್ಮೂಟ್ಟಿ ಅಭಯ ಸಿಂಹರ ‘ಶಿಕಾರಿ’ (2012). ಇವುಗಳಿಂದ ಯಾರ ವೃತ್ತಿಯನ್ನೂ ಅಳೆಯಲು ಹೋಗಬೇಡಿ.

ಪ್ರಶ್ನೆ: ‘ಹರಿಕೃಷ್ಣನ್ಸ್’ ಕೊನೆಯಲ್ಲಿ ಮೀರಾ ಸಿಗುವುದು ಮಮ್ಮೂಟ್ಟಿಗೆ ಅಂತ ನನಗೆ ನೆನಪು. ಗೆಳೆಯ ಅಲ್ಲ ಅನ್ನುತ್ತಾನೆ.
– ಕುಂಬಳೆಯ ಓದುಗರು

ಉತ್ತರ: ನೀವು ನೋಡಿದ ಪ್ರಿಂಟ್ ಬೇರೆ, ಗೆಳೆಯರದ್ದು ಬೇರೆ. 1998ರಲ್ಲಿ ನಿರ್ದೇಶಕ ಫಾಸಿಲ್ ಎರಡು ಕ್ಲೈಮ್ಯಾಕ್ಸ್ ಮಾಡಿದ್ದರು. ಒಂದರಲ್ಲಿ ಮೀರಾ (ಜೂಹಿ ಚಾವ್ಲಾ) ಹರಿಗೆ (ಮಮ್ಮೂಟ್ಟಿ), ಇನ್ನೊಂದರಲ್ಲಿ ಕೃಷ್ಣನಿಗೆ (ಮೋಹನ್‌ಲಾಲ್). ಎರಡು ಕಡೆಯ ಅಭಿಮಾನಿಗಳೂ ಬೇಜಾರಾಗಿ ಮನೆಗೆ ಹೋಗಬಾರದಲ್ಲ! ಮುಂದಿನ ಸಲ ಇಬ್ಬರೂ ಒಂದೇ ಟಿವಿಯ ಮುಂದೆ ಕೂತು ನೋಡಿ. ಅದರಲ್ಲಿ ಯಾವುದು ಬಂತೆಂದು ನಮಗೂ ಬರೆದು ತಿಳಿಸಿ.