ಬೆಳಗಿನ ಜಾವ ಕಾಲು ಕಚ್ಚುವ ಬೆಕ್ಕು

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಎರಡು ವರ್ಷದ ಬೆಕ್ಕು ಚಿನ್ನಿ ಹಗಲೆಲ್ಲಾ ಮಲಗಿರುತ್ತಾಳೆ. ಬೆಳಗಿನ ಜಾವ 4ಕ್ಕೆ ಎದ್ದು, ಹೊದಿಕೆಯೊಳಗಿನ ನನ್ನ ಕಾಲಿಗೆ ಹಾರಿ ಕಚ್ಚುತ್ತಾಳೆ. ಅವಳಿಗೆ ನನ್ನ ಮೇಲೆ ಸಿಟ್ಟೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸಿಟ್ಟಲ್ಲ, ಅದು ಬೇಟೆ. ಬೆಕ್ಕು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಚುರುಕಾಗುವ ಪ್ರಾಣಿ. ಆ ಹೊತ್ತಿನಲ್ಲಿ ಮನೆಯೊಳಗೆ ಅಲುಗಾಡುವುದು ನಿಮ್ಮ ಕಾಲ್ಬೆರಳು ಮಾತ್ರ, ಅಲ್ವಾ?

ನಮ್ಮ ಕರಿಯನಿಗೂ ಇದೇ ಚಟ ಇತ್ತು. ತೆಂಗಿನ ಪೊರಕೆಯ ಕಡ್ಡಿಗೆ ದಾರ ಕಟ್ಟಿ, ತುದಿಗೆ ಹಳೇ ಕಾಲುಚೀಲದ ತುಂಡು ಗಂಟು ಹಾಕಿದೆ. ಅದನ್ನು ಸುಮ್ನೆ ಮುಖದ ಮುಂದೆ ಆಡಿಸಬೇಡಿ. ಇಲಿ ಓಡುವುದು ಬೆಕ್ಕಿನಿಂದ ದೂರಕ್ಕೆ. ಸೋಫಾದ ಮರೆಗೆ ಮೆಲ್ಲಗೆ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಕಣ್ಣು ಅಗಲವಾಗುತ್ತದೆ, ಸೊಂಟ ಅತ್ತಿತ್ತ ಅಲ್ಲಾಡುತ್ತದೆ, ಆಮೇಲೆ ಒಂದೇ ನೆಗೆತ! ಕೊನೆಗೆ ಹಿಡಿಯಲು ಬಿಡಿ. ಲೇಸರ್ ದೀಪ ನನಗೆ ಇಷ್ಟವಿಲ್ಲ. ಪಾಪ, ಎಷ್ಟು ಓಡಿದರೂ ಕೈಗೆ ಏನೂ ಸಿಗುವುದಿಲ್ಲ.

ಮಲಗುವ ಮುಂಚೆ 10 ನಿಮಿಷ ಆಡಿಸಿ, ತಕ್ಷಣ ಊಟ ಹಾಕಿ. ತಿಂದು, ಮೈ ನೆಕ್ಕಿಕೊಂಡು ಮಲಗುತ್ತಾಳೆ. ಆಟ ಮುಗಿದ ಮೇಲೆ ದಾರವನ್ನು ಬೀರುವಿನಲ್ಲಿಡಿ. ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಜೀವಕ್ಕೇ ಅಪಾಯ.