ಬ್ಲಾಕ್ ದೊಡ್ಡದು ಮಾಡಾಕ ಏನ್ ಧಾಡಿ?

ಪ್ರಶ್ನೆ: ಫೋನ್‌ಪೇದಾಗ ಕಣ್ಣು ಮುಚ್ಚಿ ತೆಗಿಯೋದ್ರಾಗ ರೊಕ್ಕ ಹೋಗ್ತಾವು, ಬಿಟ್‌ಕಾಯಿನ್ ಕಳಿಸಿದ್ರ ತಾಸುಗಟ್ಟಲೆ ಕಾಯೋದು, ಮ್ಯಾಲೆ ಫೀ ಬ್ಯಾರೆ. ಬ್ಲಾಕ್ ಸಣ್ಣದೈತಿ ಅಂತಾರ, ದೊಡ್ಡದು ಮಾಡಾಕ ಏನ್ ಧಾಡಿ ಇವ್ರಿಗೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ಬ್ಲಾಕ್ ಅಂದ್ರ ಬಿಟ್‌ಕಾಯಿನ್ ವ್ಯವಹಾರ ಬರಿಯೋ ಖಾತೆ ಪುಸ್ತಕದ ಒಂದೊಂದು ಹಾಳಿ, ಅವು ಒಂದರ ಹಿಂದ ಒಂದು ಕೂಡಿದ್ದ ಚೈನ್. ದೊಡ್ಡದು ಮಾಡಿ ನೋಡ್ಯಾರ್ರಿ. 2017ರ ಆಗಸ್ಟ್‌ನಾಗ ಇದ ಜಗಳಕ್ಕ ಒಂದು ಗುಂಪು ಬ್ಯಾರೆ ಆಗಿ 8 ಎಂಬಿ ಬ್ಲಾಕ್ ಇಟ್ಕೊಂಡು ಬಿಟ್‌ಕಾಯಿನ್ ಕ್ಯಾಶ್ ಅಂತ ನಡಸ್ತು, ಮರುವರ್ಷ 32ಕ್ಕ ಏರಿಸಿದ್ರು. ಮೂಲದವ್ರು ಸೆಗ್‌ವಿಟ್ ಅನ್ನೋ ಬದಲಾವಣೆ ತಂದು, ಸಹಿ ಡೇಟಾ ಎಣಿಸೋ ರೀತಿ ಬದಲಿಸಿ, ಅಷ್ಟಿಷ್ಟು ಜಾಗ ಮಾಡ್ಕೊಂಡ್ರು.

ಲೆಕ್ಕ ಹಾಕೂಣು ಬರ್ರಿ. ಒಂದು ವ್ಯವಹಾರಕ್ಕ 250 ಬೈಟ್ ಹಿಡಿದ್ರ ಹಳೇ 1 ಎಂಬಿ ಬ್ಲಾಕಿನಾಗ 4,000 ಕೂಡ್ತಾವು, ಬ್ಲಾಕ್ ಬರೋದು ಸರಾಸರಿ 10 ನಿಮಿಷಕ್ಕೊಂದು, ಅಂದ್ರ ಸೆಕೆಂಡಿಗೆ 7 ಸೈತ ಆಗಂಗಿಲ್ಲ. ನಮ್ಮ ಯುಪಿಐ 2023ರ ಆಗಸ್ಟ್ ಒಂದ ತಿಂಗಳಿನಾಗ 1,000 ಕೋಟಿ ವ್ಯವಹಾರ ದಾಟ್ತು, ಸೆಕೆಂಡಿಗೆ 3,700ಕ್ಕಿಂತ ಜಾಸ್ತಿ ಬಿತ್ತು. ಬರೇ ಬ್ಲಾಕ್ ಉಬ್ಬಿಸಿ ಅದನ್ನ ಮುಟ್ಟತೀನಿ ಅಂದ್ರ ಒಂದೊಂದು ಬ್ಲಾಕ್ 550 ಎಂಬಿ ಆಗ್ಬೇಕು, ದಿನಕ್ಕ 144 ಬ್ಲಾಕ್, 80 ಜಿಬಿ ಹತ್ರ ಹೋತು, ಯಾರನ್ನೂ ನಂಬದಂಗ ನೀವ ಲೆಕ್ಕ ನೋಡ್ಬೇಕಂದ್ರ ಅಷ್ಟೂ ನಿಮ್ಮ ಮನಿ ಕಂಪ್ಯೂಟರ್ ಇಳಿಸ್ಕೊಂಡು ಚೆಕ್ ಮಾಡ್ತಿರಬೇಕು, ಕರೆಂಟ್ ಇರಲಿ ಬಿಡ್ಲಿ. ಕಡೀಕ ನೋಡ್ (ಹಿಂಗ ಚೆಕ್ ಮಾಡೋ ಕಂಪ್ಯೂಟರ್) ನಡಸೋರು ದೊಡ್ಡ ಕಂಪನಿಗೋಳಷ್ಟ ಉಳೀತಾವು. ಅವ್ರನ್ನ ನಂಬೋದಾದ್ರ ಯುಪಿಐನ ಬೇಸಿ ಅಲ್ಲೇನ್ರಿ?

ಅದಕ್ಕ ಚಾ-ಚುರುಮರಿ ವ್ಯವಹಾರ ಚೈನಿನ ಹೊರಗ ಆಗೋದ ಚಲೋ ಅಂತೀನಿ ನಾನು. ಲೈಟ್ನಿಂಗ್ ನೆಟ್‌ವರ್ಕ್ ಇರೋದು ಅದಕ್ಕ, ಅಡತಿ ಅಂಗಡಿ ಖಾತೆ ಇದ್ದಂಗ, ಚಾನೆಲ್ (ಇಬ್ಬರ ನಡುವಿನ ಖಾತೆ) ತೆಗೆದಾಗ ಚೈನಿನ ಮ್ಯಾಲೆ ಒಂದು ಎಂಟ್ರಿ, ಮುಚ್ಚಿದಾಗ ಒಂದು, ನಡುವ ಎಷ್ಟ ಕೊಟ್ಟು ತಗೊಂಡ್ರೂ ಬ್ಲಾಕಿಗೆ ಹೋಗಂಗಿಲ್ಲ. ಉದ್ರಿ ಮಾತ್ರ ಇಲ್ರೀ, ರೊಕ್ಕ ಮೊದಲ ಕಟ್ಟಿಡಬೇಕು. ಹಂಗಂತ ಲೈಟ್ನಿಂಗ್ ಒಂದ ಸಾಕು ಅನ್ನೋರ ಮಾತೂ ಪೂರ್ತಿ ಒಪ್ಪಂಗಿಲ್ಲ ನಾನು, ಯಾಕಂದ್ರ ಚಾನೆಲ್ ತೆಗಿಯೋದೂ ಚೈನಿನ ಮ್ಯಾಲೇ, ನಮ್ಮ ದೇಶದ 140 ಕೋಟಿ ಮಂದಿ ತಲಿಗೊಂದು ತೆಗೀತೀವಿ ಅಂದ್ರ ಮ್ಯಾಲಿನ 1 ಎಂಬಿ ಲೆಕ್ಕದಾಗ ಆರು ವರ್ಷ ದಾಟ್ತೈತಿ, ಬ್ಯಾರೆ ಯಾರೂ ಒಂದ ಪೈಸೆ ಕಳಿಸಬಾರ್ದು! ಬ್ಲಾಕ್ ಸ್ವಲ್ಪ ಬೆಳೀಬೇಕಾಗ್ತೈತಿ, ಮನಿ ಕಂಪ್ಯೂಟರಿಗೆ ತಾಳೋವಷ್ಟ.

ಪ್ರಶ್ನೆ: ಕಮ್ಮಿ ಫೀ ಇಟ್ಟು ಕಳಿಸೀನಿ, ನಿನ್ನೆಯಿಂದ ಪೆಂಡಿಂಗ್ ಐತಿ. ರೊಕ್ಕ ಹೋತೇನ್ರಿ?
– ಓದುಗರೊಬ್ಬರು, ಗೋಕಾಕ

ಉತ್ತರ: ಹೋಗಿಲ್ಲ, ಪಾಳಿ ಹಿಡಿದೈತಿ. ವಾಲೆಟ್‌ನಾಗ ಆರ್‌ಬಿಎಫ್ (ಪೆಂಡಿಂಗ್ ಇದ್ದದ್ದನ್ನ ಹೆಚ್ಚಿನ ಫೀ ಇಟ್ಟು ಬದಲಿಸೋದು) ಆಪ್ಶನ್ ಇದ್ರ ಫೀ ಏರಿಸಿ ಅದನ್ನ ಮತ್ತ ಕಳಿಸ್ರಿ. "ನಾವು ಕ್ಲಿಯರ್ ಮಾಡಿ ಕೊಡ್ತೀವಿ, ಸೀಡ್ ಪದಗೋಳು ಕೊಡ್ರಿ" ಅಂತ ಯಾರರ ಮೆಸೇಜ್ ಹಾಕಿದ್ರ ಬ್ಲಾಕ್ ಮಾಡ್ರಿ ಅವ್ರನ್ನ, ಆ ಪದಗೋಳ ನಿಮ್ಮ ವಾಲೆಟ್‌ನ ಕೀಲಿ.